ಪುಣೆಯಲ್ಲೊಂದು ಶಿಮ್ಲಾ

ಪುಣೆಗೆ ಬಂದ ಹೊಸದರಲ್ಲಿ ಒಂದು ದಿನ ಶಿವಾಜಿನಗರದ ಬಸ್ಸಿನಲ್ಲಿ ಕೂತಿದ್ದೆ. ಕಂಡಕ್ಟರ್ "ಸಿಮ್ಲಾ ಆಫೀಸ್, ಸಿಮ್ಲಾ ಆಫೀಸ್" ಎಂದು ಕೂಗಿದ. ಸಹ್ಯಾದ್ರಿಯ ಮಗ್ಗುಲಿನ ಊರಿಗೆ ಶಿಮ್ಲಾ ಎಲ್ಲಿಂದ ಬಂತು? ಪಕ್ಕದಲ್ಲಿದ್ದ ಹಿರಿಯರು ಎತ್ತರದ ಗೋಪುರವಿದ್ದ ಕಟ್ಟಡ ತೋರಿಸಿ "ವೇಧಶಾಳಾ" ಎಂದರು. ಅಂದರೆ ಹವಾಮಾನ ಇಲಾಖೆ. ಹೆಸರಿನ ಹಿಂದಿನ ಕಥೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಪುಣೆಯ ಚಳಿಗೂ ಹಿಮಾಲಯಕ್ಕೂ ನಂಟಿದೆ. ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಕ್ಷೋಭೆಗಳು ಕಾಶ್ಮೀರ, ಹಿಮಾಚಲಗಳಲ್ಲಿ ಹಿಮ ಸುರಿಸುತ್ತವೆ. ಮೋಡ ಚದುರಿ ಆಕಾಶ ತಿಳಿಯಾದ ಮೇಲೆ ಉತ್ತರದ ಒಣ ಗಾಳಿ ಕೆಳಗಿಳಿಯುತ್ತದೆ. ಮೋಡವೆಂಬ ಕಂಬಳಿ ಇಲ್ಲದ ರಾತ್ರಿಯಲ್ಲಿ ನೆಲದ ಕಾವೆಲ್ಲ ಆಕಾಶಕ್ಕೆ ಹೋಗಿ, ಬೆಳಗಿನ ಜಾವಕ್ಕೆ ಇಲ್ಲಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದೂ ಉಂಟು. ನಮಗೆ ಸ್ವೆಟರ್ ಹುಡುಕುವ ಕೆಲಸ, ಅಷ್ಟೆ. ಆದರೆ ಅದೇ ಹಿಮವನ್ನು ನೋಡಿ ಮುಂದಿನ ಮಳೆಗಾಲದ ಭವಿಷ್ಯ ಹೇಳಲು ಹೊರಟವರಿದ್ದರು. ಅದರ ಹಿಂದೆ ಇದ್ದದ್ದು ಒಂದು ಭೀಕರ ಬರ.

ನನ್ನಜ್ಜಿ ಮನೆಯಲ್ಲಿ ಅನ್ನ ಚೆಲ್ಲಿದರೆ "ಧಾತು ಈಶ್ವರದ ಬರ ಮರೆತುಬಿಟ್ರೇನ್ರೋ" ಎಂದು ಗದರುತ್ತಿದ್ದಳು. ಅವಳೂ ಆ ಬರವನ್ನು ಕಂಡವಳಲ್ಲ, ಅವಳ ಅಜ್ಜಿಯ ಬಾಯಲ್ಲಿ ಕೇಳಿದವಳು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳಲ್ಲಿ, ಅಂದರೆ 1876ರಿಂದ 78ರವರೆಗೆ, ದಕ್ಷಿಣದಲ್ಲಿ ಮಳೆ ಕೈಕೊಟ್ಟಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರಲ್ಲಿ ಅದು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸಂಖ್ಯೆ ಹೀಗೆ ಕುಸಿಯಿತು ಎಂದರೆ ಊರೂರೇ ಹಾಳುಬಿದ್ದವು ಎಂದರ್ಥ.

ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ, ಬರಕ್ಕೆ ಒಂದು ವರ್ಷ ಮೊದಲು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್. ಮಳೆ ಬರುತ್ತದೋ ಇಲ್ಲವೋ ಮೊದಲೇ ಹೇಳಲಾದೀತೇ ಎಂದು ಸರ್ಕಾರ ಆತನನ್ನು ಕೇಳಿತು. ಹಿಮಾಲಯದಲ್ಲಿ ಹಿಮ ಹೆಚ್ಚಾಗಿ ಬಿದ್ದು ತಡವಾಗಿ ಕರಗಿದ ವರ್ಷ ಮುಂಗಾರು ಸೊರಗುತ್ತದೆ ಎಂದು ಆತ 1884ರಲ್ಲಿ ಬರೆದ. ತರ್ಕ ಸರಳ. ಬಿಳಿಯ ಹಿಮ ಬಿಸಿಲನ್ನು ವಾಪಸು ಕಳಿಸುತ್ತದೆ, ಉಳಿದ ಶಾಖ ಹಿಮ ಕರಗಿಸುವುದಕ್ಕೇ ಹೋಗುತ್ತದೆ. ನೆಲ ಕಾಯದಿದ್ದರೆ ಸಮುದ್ರದ ಗಾಳಿಯನ್ನು ಎಳೆಯುವ ಬಲ ಎಲ್ಲಿಂದ ಬರಬೇಕು? 1886ರ ಜೂನ್ 4ರಂದು ಮೊದಲ ಅಧಿಕೃತ ದೀರ್ಘಾವಧಿ ಮುನ್ಸೂಚನೆ ಹೊರಬಿತ್ತು.

ಆದರೆ ಹಿಮ ಒಂದನ್ನೇ ನಂಬಿದರೆ ಸಾಲದು. ಬ್ಲ್ಯಾನ್‌ಫರ್ಡ್ ನಂತರ ಬಂದ ಜಾನ್ ಎಲಿಯಟ್ ಇನ್ನಷ್ಟು ಅಂಶಗಳನ್ನು ಸೇರಿಸಿಕೊಂಡ. ಆದರೂ 1899ರಲ್ಲಿ ಒಳ್ಳೆಯ ಮಳೆಯೆಂದು ಹೇಳಿದ ವರ್ಷವೇ ಘೋರ ಬರ ಬಂತು. 1904ರಲ್ಲಿ ಇಲಾಖೆಯ ಚುಕ್ಕಾಣಿ ಹಿಡಿದ ಗಿಲ್ಬರ್ಟ್ ವಾಕರ್ ಕೇಂಬ್ರಿಜ್ಜಿನ ಗಣಿತಜ್ಞ. ಹಿಮಾಲಯದ ಹಿಮದ ಜೊತೆಗೆ ಮಾರಿಷಸ್, ದಕ್ಷಿಣ ಅಮೆರಿಕಗಳ ವಾಯುಭಾರ, ಜಾಂಜಿಬಾರಿನ ಮಳೆ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಿದ. ಕಂಪ್ಯೂಟರ್ ಇಲ್ಲದ ಕಾಲ. ಗುಣಾಕಾರ ಭಾಗಾಕಾರ ಮಾಡಿದ್ದು ನಮ್ಮ ಭಾರತೀಯ ಗುಮಾಸ್ತರು, ಹೆಸರು ಉಳಿದದ್ದು ವಾಕರನದು! ಆ ಲೆಕ್ಕದಿಂದಲೇ 'ದಕ್ಷಿಣದ ಆಂದೋಲನ' ಸಿಕ್ಕಿತು. ಅದು ಎಲ್ ನಿನೊ ಜೊತೆ ಹೆಣೆದುಕೊಂಡದ್ದೆಂದು ಯಾಕೋಬ್ ಬ್ಯರ್ಕ್‌ನೆಸ್ 1969ರಲ್ಲಿ ತೋರಿಸಿದರು.

ಈಗ ಹೆಸರಿನ ಕಥೆ. ಇಲಾಖೆಯ ಕೇಂದ್ರ ಕಚೇರಿ ಮೊದಲು ಕಲಕತ್ತೆಯಲ್ಲಿತ್ತು. 1905ರಲ್ಲಿ ಶಿಮ್ಲಾಕ್ಕೆ, 1928ರಲ್ಲಿ ಪುಣೆಗೆ, 1944ರಲ್ಲಿ ದೆಹಲಿಗೆ ಹೋಯಿತು. ಶಿಮ್ಲಾದಿಂದ ಬಂದ ಕಚೇರಿಯನ್ನು ಪುಣೆಯವರು ಸಿಮ್ಲಾ ಆಫೀಸ್ ಎಂದರು. ಕೇಂದ್ರ ಕಚೇರಿ ದೆಹಲಿಗೆ ಹೋದರೂ ಹೆಸರು ಇಲ್ಲೇ ಉಳಿಯಿತು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಕೈಕೆಳಗೆ ಸಂಶೋಧನೆ ಮಾಡಿದ ಅನ್ನಾ ಮಣಿ 1948ರಲ್ಲಿ ಸೇರಿದ್ದೂ ಪುಣೆಯ ಈ ಇಲಾಖೆಯನ್ನೇ. ಹವಾಮಾನದ ಉಪಕರಣಗಳನ್ನು ಇಲ್ಲಿಯೇ ತಯಾರಿಸುವ ಕೆಲಸಕ್ಕೆ ಅವರು ಬಲ ತುಂಬಿದರು.

ಬ್ಲ್ಯಾನ್‌ಫರ್ಡನ ಹಿಮದ ಲೆಕ್ಕ ಸತ್ತುಹೋಗಲಿಲ್ಲ. 1976ರಲ್ಲಿ ಹಾನ್ ಮತ್ತು ಶುಕ್ಲಾ ಉಪಗ್ರಹದ ಚಿತ್ರಗಳಿಂದ ಯುರೇಷಿಯಾದ ಹಿಮಕ್ಕೂ ನಮ್ಮ ಮುಂಗಾರಿಗೂ ಇರುವ ವಿಲೋಮ ಸಂಬಂಧವನ್ನು ತೋರಿಸಿದರು. 1988ರಿಂದ ಬಳಸಿದ ಹದಿನಾರು ಅಂಶಗಳ ಸೂತ್ರದಲ್ಲೂ ಹಿಮಕ್ಕೆ ಜಾಗವಿತ್ತು. ಆ ಸೂತ್ರ 2002ರಲ್ಲಿ ಎಡವಿತು. ಮಳೆ ವಾಡಿಕೆಯ 81 ಪ್ರತಿಶತ ಮಾತ್ರ ಬಂತು, ಮರುವರ್ಷವೇ ಸೂತ್ರ ಬದಲಾಯಿತು.

ಮುನ್ಸೂಚನೆ ತಪ್ಪಿದಾಗ ನಗುವುದು ಸುಲಭ, ನಾನೂ ನಕ್ಕಿದ್ದೇನೆ. ಈಗ ಚಳಿಯ ಬೆಳಗಿನಲ್ಲಿ ಆ ಗೋಪುರದ ಮುಂದೆ ಹಾದುಹೋಗುವಾಗ ಅಜ್ಜಿಯ ಗದರಿಕೆ ನೆನಪಾಗುತ್ತದೆ. ಲೆಕ್ಕ ಶುರುವಾದದ್ದೇ ಆ ಬರದಿಂದ ಅಲ್ಲವೇ?

ನಿಮ್ಮ ಮನೆಯ ಹಿರಿಯರೂ ಧಾತು ಈಶ್ವರದ ಮಾತು ಆಡಿದ್ದರೆ ದಯವಿಟ್ಟು ಬರೆದಿಡಿ. ಆ ಬರದ ಮಾತು ಕೇಳಿದವರ ಕೊನೆಯ ತಲೆಮಾರು ನಮ್ಮದೇ ಇರಬೇಕು.