ಮರೆಗೆ ಸರಿದ ‘ಬರ’: ಘೋಷಣೆಗಾಗಿ ಕಾದ ಜಿಲ್ಲೆಯ ಕಥೆ

ಕನ್ನಡದ ಹೊಸ ಅಲೆಯ ಚಿತ್ರಗಳ ಮಾತು ಬಂದಾಗ ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’ಗಳು ಥಟ್ಟನೆ ನೆನಪಾಗುತ್ತವೆ. ಆ ಸಾಲಿನಲ್ಲಿ ಎಂ.ಎಸ್. ಸತ್ಯು ನಿರ್ದೇಶನದ ‘ಬರ’ (1982) ಚಿತ್ರದ ಹೆಸರು ಕೇಳಿಬರುವುದು ಅಪರೂಪ. ಯು.ಆರ್. ಅನಂತಮೂರ್ತಿಯವರ ಅದೇ ಹೆಸರಿನ ಕಥೆಯನ್ನು ಆಧರಿಸಿದ ಈ ಚಿತ್ರ ಹಿಂದಿಯಲ್ಲಿ ‘ಸೂಖಾ’ ಎಂಬ ಹೆಸರಿನಲ್ಲಿ ತೆರೆಕಂಡು, ರಾಷ್ಟ್ರೀಯ ಭಾವೈಕ್ಯಕ್ಕಾಗಿ ನೀಡುವ ನರ್ಗಿಸ್ ದತ್ ಪ್ರಶಸ್ತಿಗೂ ಪಾತ್ರವಾಗಿತ್ತು. ಅದಕ್ಕೂ ಮೊದಲೇ ಸತ್ಯು ಅವರು ದೇಶವಿಭಜನೆಯ ವಸ್ತುವುಳ್ಳ ‘ಗರಂ ಹವಾ’ದಿಂದ ಹೆಸರಾಗಿದ್ದರು.

ಚಿತ್ರದ ನಾಯಕ ಬರಪೀಡಿತ ಜಿಲ್ಲೆಯೊಂದರ ಯುವ ಜಿಲ್ಲಾಧಿಕಾರಿ ಸತೀಶಚಂದ್ರ. ಈ ಪಾತ್ರದಲ್ಲಿ ಅನಂತನಾಗ್ ನಟಿಸಿದ್ದಾರೆ. ಜಿಲ್ಲೆಯನ್ನು ಕ್ಷಾಮಪೀಡಿತ ಪ್ರದೇಶವೆಂದು ಘೋಷಿಸಿದರೆ ಮಾತ್ರ ಜನರಿಗೆ ಪರಿಹಾರ ದೊರೆಯಲು ಸಾಧ್ಯ. ಆದರೆ ರಾಜಧಾನಿಯ ರಾಜಕೀಯ ಪೈಪೋಟಿಯಲ್ಲಿ ಆ ಘೋಷಣೆಯೇ ದಾಳವಾಗುತ್ತದೆ. ಮಳೆಯ ಅಭಾವ ಒಂದೆಡೆಯಾದರೆ, ಮತ್ತೊಂದೆಡೆ ಕೋಮುಗಲಭೆಯ ಕಿಡಿ. ಇವೆರಡರ ನಡುವೆ ಪ್ರಾಮಾಣಿಕ ಅಧಿಕಾರಿಯೊಬ್ಬ ಅಸಹಾಯಕನಾಗುವ ಬಗೆಯನ್ನು ಚಿತ್ರ ಅಬ್ಬರವಿಲ್ಲದೆ ನಿರೂಪಿಸುತ್ತದೆ. ಕಥೆಯು ಅಧಿಕಾರಿಯ ಕಣ್ಣಿನಿಂದಲೇ ಸಾಗುವುದರಿಂದ ರೈತನ ಮನೆಯೊಳಗಿನ ಬರ ಅಷ್ಟಾಗಿ ಕಾಣಿಸುವುದಿಲ್ಲ. ಇದನ್ನು ಕೊರತೆಯೆಂದೇ ಹೇಳಬೇಕು.

ಆ ಮನೆಯೊಳಗಿನ ಬರವನ್ನು ಅರಿಯಲು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಸಂಶಿಯಂತಹ ಊರುಗಳತ್ತ ನೋಡಬೇಕು. ಇದು ಎರೆಭೂಮಿಯ ಸೀಮೆ. ಮುಂಗಾರಿಗೆ ಮೆಣಸಿನಕಾಯಿ, ಹತ್ತಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಮಳೆಯನ್ನೇ ನಂಬಿದ ರೈತನಿಗೆ ಒಂದು ಹದ ತಪ್ಪಿದರೂ ಬೀಜ, ಗೊಬ್ಬರಕ್ಕೆ ಹಾಕಿದ ಹಣ ಮಣ್ಣುಪಾಲು. ಬಳಿಕ ಅವನು ಕಾಯುವುದು ತಾಲ್ಲೂಕಿನ ಹೆಸರು ಬರಪಟ್ಟಿಗೆ ಸೇರುವುದನ್ನು.

ಈಗ ಘೋಷಣೆಗೆ ಮಾನದಂಡಗಳಿವೆ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯಂತೆ ಮಳೆಯ ಕೊರತೆ, ಒಣ ಅವಧಿ, ಬಿತ್ತನೆ ಪ್ರಮಾಣ, ಮಣ್ಣಿನ ತೇವಾಂಶ, ಉಪಗ್ರಹ ಚಿತ್ರಗಳನ್ನೆಲ್ಲ ಪರಿಗಣಿಸಲಾಗುತ್ತದೆ. ಆದರೂ ಜಗ್ಗಾಟ ನಿಂತಿಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಆದರೆ ಕೇಂದ್ರದ ಪರಿಹಾರಕ್ಕಾಗಿ ರಾಜ್ಯ ಸರ್ಕಾರವು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಬೇಕಾಯಿತು. ಹಣ ಮಂಜೂರಾಗುವಾಗ ಏಪ್ರಿಲ್ ಬಂದಿತ್ತು; ಎರೆಹೊಲಗಳಲ್ಲಿ ಹಿಂಗಾರಿನ ಹಂಗಾಮೂ ಮುಗಿದುಹೋಗಿತ್ತು.