ಕ್ಷಾರಾಹಾರವೂ ರಕ್ತದ ಆಮ್ಲಜನಕವೂ: ದಾವಣಗೆರೆ–ಹರಿಹರ ಸೀಮೆಯ ಆಹಾರಚರಿತ್ರೆಯ ಬೆಳಕಿನಲ್ಲಿ

ಕ್ಷಾರಪ್ರಧಾನವಾದ ನಿಸರ್ಗಾಹಾರವನ್ನು ಸೇವಿಸಿದರೆ ರಕ್ತದಲ್ಲಿ ಆಮ್ಲಜನಕವು ಹೆಚ್ಚುವುದೆಂದೂ, ರಕ್ತಸಂಚಾರವು ಸುಗಮವಾಗುವುದೆಂದೂ, ನಮ್ಮ ಪೂರ್ವಿಕರ ಆಹಾರವು ಅಂತಹುದೇ ಆಗಿದ್ದಿತೆಂದೂ ಈಚೆಗೆ ಪದೇ ಪದೇ ಹೇಳಲಾಗುತ್ತಿದೆ. ಮೊದಲಿನ ಎರಡು ಮಾತುಗಳು ಶರೀರಶಾಸ್ತ್ರಕ್ಕೆ ಸೇರಿದವು. ಮೂರನೆಯದು ಚರಿತ್ರೆಗೆ ಸೇರಿದುದು. ಆದುದರಿಂದ ಚರಿತ್ರೆಯ ಅಧ್ಯಾಪಕರಾದ ನಾವು ಇದನ್ನು ವಿಚಾರಿಸುವುದು ಅನುಚಿತವಾಗಲಾರದು.

ಆಹಾರವನ್ನು ಆಮ್ಲಕಾರಿ, ಕ್ಷಾರಕಾರಿ ಎಂದು ವಿಂಗಡಿಸುವ ಪದ್ಧತಿ ಪ್ರಾಚೀನವಾದುದಲ್ಲ. ಪದಾರ್ಥವನ್ನು ಸುಟ್ಟರೆ ಉಳಿಯುವ ಖನಿಜಾಂಶಗಳನ್ನು ಲೆಕ್ಕಹಾಕಿ, ಅಮೆರಿಕದ ಶರ್ಮನ್ ಮತ್ತು ಗೆಟ್ಲರ್ ಎಂಬವರು 1912ರಲ್ಲಿ ಇಂತಹ ಗಣನೆಯನ್ನು ಪ್ರಕಟಿಸಿದರು. ಇದರಂತೆ ಧಾನ್ಯ ಮಾಂಸಗಳು ಆಮ್ಲದ ಕಡೆಗೂ, ಸೊಪ್ಪು, ತರಕಾರಿ, ಹಣ್ಣುಗಳು ಕ್ಷಾರದ ಕಡೆಗೂ ಸೇರುತ್ತವೆ. ಆಯುರ್ವೇದದ ‘ಕ್ಷಾರ’ವಾದರೋ ಬೇರೆಯೇ ವಸ್ತು, ಅದು ಗಿಡಮೂಲಿಕೆಗಳ ಬೂದಿಯಿಂದ ತೆಗೆದ ತೀಕ್ಷ್ಣದ್ರವ್ಯ. ಹಿಪ್ಪಲಿ, ಕ್ಷಾರ, ಲವಣ ಈ ಮೂರನ್ನು ಅತಿಯಾಗಿ ಬಳಸಬಾರದೆಂದು ಚರಕಸಂಹಿತೆಯ ವಿಮಾನಸ್ಥಾನವು ವಿಧಿಸುತ್ತದೆ. ಕ್ಷಾರದ ಅತಿಬಳಕೆಯಿಂದ ಕಣ್ಣು, ಕೂದಲುಗಳಿಗೆ ಮಾತ್ರವಲ್ಲದೆ ಹೃದಯಕ್ಕೂ ಕೇಡೆಂದು ಅಲ್ಲಿಯೇ ಹೇಳಿದೆ. ಚರಕನನ್ನು ಕ್ಷಾರಾಹಾರದ ಸಾಕ್ಷಿಯಾಗಿ ಕರೆಯುವವರು ಈ ಅಧ್ಯಾಯವನ್ನು ಓದಿದಂತೆ ತೋರುವುದಿಲ್ಲ.

ಇನ್ನು ನಮ್ಮ ಸೀಮೆಯ ವಿಷಯ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಹರಿಹರ, ದಾವಣಗೆರೆಗಳನ್ನು ಹಾದುಹೋದಾಗ ಇದು ಮಳೆಯನ್ನು ನಂಬಿದ ಬಯಲುನಾಡು. ಜನರ ಮುಖ್ಯಾಹಾರ ಜೋಳ. 1912ರ ಅಳತೆಗೋಲನ್ನು ಹಿಡಿದರೆ ಜೋಳವು ನಿಲ್ಲುವುದು ಆಮ್ಲದ ಪಕ್ಷದಲ್ಲಿಯೇ! ರೊಟ್ಟಿಯೊಡನೆ ಬರುತ್ತಿದ್ದ ಮೆಂತ್ಯದ ಸೊಪ್ಪು, ಈರುಳ್ಳಿ, ನಾಲಗೆಗೆ ಹುಳಿಯಾದ ಪುಂಡಿಪಲ್ಲೆ ಇವು ಕ್ಷಾರದ ಪಕ್ಷದವು. ಹೀಗೆ ಪೂರ್ವಿಕರ ಊಟವು ಮಿಶ್ರವಾದುದೇ ಹೊರತು ಕ್ಷಾರಪ್ರಧಾನವಲ್ಲ. 1960ರ ದಶಕದಲ್ಲಿ ಭದ್ರಾ ನಾಲೆಯ ನೀರು ಬಂದ ಮೇಲೆ ಜೋಳದ ಹೊಲಗಳು ಗದ್ದೆಗಳಾದವು. ರೊಟ್ಟಿಯ ಸ್ಥಾನವನ್ನು ಅನ್ನವು ಬಹುಮಟ್ಟಿಗೆ ಆಕ್ರಮಿಸಿತು. ದಾವಣಗೆರೆಯ ಹೆಸರಿಗೆ ಅಂಟಿಕೊಂಡಿರುವ ಮಂಡಕ್ಕಿಯೂ ಅಕ್ಕಿಯದೇ. ಈ ಪಲ್ಲಟದಲ್ಲಿ ನಾವು ಕಳೆದುಕೊಂಡುದು ಕ್ಷಾರವನ್ನಲ್ಲ, ತೌಡನ್ನೂ ನಾರನ್ನೂ ಎಂದು ನಮ್ಮ ಅಭಿಪ್ರಾಯ.

ರಕ್ತದ ಪಿಎಚ್ ಅಂಕವು 7.35ರಿಂದ 7.45ರೊಳಗೆ ಇರುತ್ತದೆ. ಶ್ವಾಸಕೋಶಗಳೂ ಮೂತ್ರಪಿಂಡಗಳೂ ಅದನ್ನು ಕಾಯುತ್ತವೆ. ಸೊಪ್ಪನ್ನು ತಿಂದರೆ ಬದಲಾಗುವುದು ಮೂತ್ರದ ಗುಣವೇ ಹೊರತು ರಕ್ತದ್ದಲ್ಲ. ಒಂದು ವೇಳೆ ರಕ್ತವು ಹೆಚ್ಚು ಕ್ಷಾರವಾಯಿತೆಂದೇ ಇಟ್ಟುಕೊಳ್ಳೋಣ. ಆಗ ಹಿಮೋಗ್ಲೋಬಿನ್ ಆಮ್ಲಜನಕವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು ಅಂಗಾಂಶಗಳಿಗೆ ಬಿಟ್ಟುಕೊಡಲು ಹಿಂಜರಿಯುತ್ತದೆ. ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್ ಮತ್ತು ಅವನ ಸಂಗಡಿಗರು 1904ರಲ್ಲಿ ತೋರಿಸಿದ ಸಂಗತಿಯಿಂದ ಇದೇ ಫಲಿಸುತ್ತದೆ. (ಆಮ್ಲಜನಕವೆಂಬ ಹೆಸರೂ ಒಂದು ತಪ್ಪಿನ ಸ್ಮಾರಕ, ಎಲ್ಲ ಆಮ್ಲಗಳಿಗೂ ಇದೇ ಮೂಲವೆಂದು ಲಾವ್ವಾಸಿಯೇ ಭಾವಿಸಿದ್ದನು.)

ರಕ್ತಸಂಚಾರಕ್ಕೂ ಆಹಾರಕ್ಕೂ ಸಂಬಂಧವೇ ಇಲ್ಲವೆಂದು ಇದರಿಂದ ತಿಳಿಯಬಾರದು. 1927ರ ಮಾರ್ಚಿಯಲ್ಲಿ ಗಾಂಧೀಜಿಯವರು ಅಧಿಕ ರಕ್ತದೊತ್ತಡದಿಂದ ಕುಸಿದು, ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಮಿಸಿ, ಆಗಸ್ಟಿನಲ್ಲಿ ದಾವಣಗೆರೆಗೂ ಬಂದುಹೋದರು. ಆಹಾರಪ್ರಯೋಗಗಳಲ್ಲಿ ಅಷ್ಟು ಆಸಕ್ತರಾದ ಅವರಿಗೂ ವೈದ್ಯರು ಮುಖ್ಯವಾಗಿ ವಿಧಿಸಿದುದು ವಿಶ್ರಾಂತಿ. ಮುಂದೆ 1997ರಲ್ಲಿ ಅಮೆರಿಕದಲ್ಲಿ 459 ಜನರ ಮೇಲೆ ನಡೆದ ಪ್ರಯೋಗವೊಂದರಲ್ಲಿ ಹಣ್ಣು, ತರಕಾರಿ, ಕಡಮೆ ಕೊಬ್ಬಿನ ಹಾಲಿನ ಪದಾರ್ಥಗಳಿಂದ ಕೂಡಿದ ಆಹಾರವು ರಕ್ತದ ಮೇಲೊತ್ತಡವನ್ನು ಸರಾಸರಿ 5.5 ಮಿಲಿಮೀಟರಿನಷ್ಟು ತಗ್ಗಿಸಿತು. ಪೊಟ್ಯಾಸಿಯಮ್ ಮೊದಲಾದವುಗಳಿಗೆ ಇದರಲ್ಲಿ ಪಾಲುಂಟು. ರಕ್ತವು ಕ್ಷಾರವಾಗಬೇಕಾದ ಅಗತ್ಯವಿಲ್ಲ.

ವಾದವು ಪುಸ್ತಕದಲ್ಲಿಯೇ ಉಳಿದರೆ ಬಾಧಕವಿಲ್ಲ. ಆದರೆ ರಕ್ತಹೀನತೆಯುಳ್ಳ ಬಾಣಂತಿಯು ಕ್ಷಾರಾಹಾರವನ್ನು ನಂಬಿ ಕಬ್ಬಿಣದ ಗುಳಿಗೆಯನ್ನು ಬಿಟ್ಟರೆ, ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನೇ ಅವಳಿಗೆ ಕೊರತೆಯಾಗುತ್ತದೆ. ಜೋಳದಲ್ಲಿ ಕಬ್ಬಿಣವುಂಟು, ಅದರಲ್ಲಿಯೇ ಇರುವ ಫೈಟೇಟ್ ಅದನ್ನು ದೇಹಕ್ಕೆ ಸುಲಭವಾಗಿ ಸೇರಗೊಡುವುದಿಲ್ಲ. ಆ ಕಬ್ಬಿಣವನ್ನು ಬಿಡಿಸಿಕೊಡುವುದು ಊಟದ ಜೊತೆಗೆ ಹಿಂಡಿಕೊಂಡ ನಿಂಬೆಯ ಹುಳಿ.