‘ನೀನು ಯಾರು?’ ಅನ್ನೋ ಪ್ರಶ್ನೆಯ ಹಿಂದಿನ ಕತೆ

ನ್ಯೂಜೆರ್ಸಿಯಲ್ಲಿರೋ ಅಕ್ಕನ ಮಗಳು ಒಂದು ಭಾನುವಾರ ಫೋನ್ ಮಾಡಿದಳು. “ಮಾಮ, ನನ್ನ ಕಾಲೇಜ್ ಎಸ್ಸೇ ಓದ್ತೀರಾ?” ಅಲ್ಲಿ ಡಿಗ್ರಿಗೆ ಅರ್ಜಿ ಹಾಕುವಾಗ ನಿನ್ನ ಬಗ್ಗೆ 650 ಪದದೊಳಗೆ ಬರಿ ಅಂತಾರೆ. ಓದಿದೆ. ತಿಪಟೂರು ಕಡೆಯ ನಮ್ಮ ತೆಂಗಿನ ತೋಟ, ಬರ, ಬೋರ್ ಕೊರೆಸಿ ಕೊರೆಸಿ ಸೋತ ಅಜ್ಜ, ಅದರಿಂದ ತಾನು ಕಲಿತ ಛಲ. ಇಂಗ್ಲಿಷ್ ಸೊಗಸಾಗಿತ್ತು. ಆದರೆ ಈ ಹುಡುಗಿ ನಮ್ಮೂರಿಗೆ ಬಂದಿರೋದೇ ಮೂರು ಸಲ!

ನಾನು ಸಿಇಟಿ ಬರೆದು ಬಿಇ ಸೇರಿದವನು. ರ‍್ಯಾಂಕ್ ನೋಡಿದರು, ಸರ್ಟಿಫಿಕೇಟು ನೋಡಿದರು, ಸೀಟು ಕೊಟ್ಟರು. ನೀನು ಯಾರಪ್ಪಾ ಅಂತ ಯಾರೂ ಕೇಳಲಿಲ್ಲ. ಅಮೆರಿಕದವರು ಯಾಕೆ ಕೇಳ್ತಾರೆ ಅಂತ ಹುಡುಕುತ್ತಾ ಹೋದರೆ ಸಿಕ್ಕಿದ್ದು ನೂರು ವರ್ಷದ ಹಿಂದಿನ ಒಂದು ಕಹಿ ಕತೆ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹಾರ್ವರ್ಡ್ ಕೂಡ ಹೆಚ್ಚುಕಮ್ಮಿ ನಮ್ಮ ಸಿಇಟಿ ಥರಾನೇ ಇತ್ತು. ಪ್ರವೇಶ ಪರೀಕ್ಷೆ ಪಾಸಾದರೆ ಸೀಟು. ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು ಚೆನ್ನಾಗಿ ಓದಿ ಒಳಗೆ ಬಂದರು. 1922ರ ಹೊತ್ತಿಗೆ ಅವರ ಪಾಲು ಐದನೇ ಒಂದು ಭಾಗ ದಾಟಿತ್ತು. ಅಧ್ಯಕ್ಷ ಲಾವೆಲ್‌ಗೆ ಇದು ಹಿಡಿಸಲಿಲ್ಲ. ಅವರಿಗೆ 15% ಮಿತಿ ಹಾಕಬೇಕು ಅಂದರು. ಅಧ್ಯಾಪಕರು ಒಪ್ಪಲಿಲ್ಲ. ಆಗ ಅರ್ಜಿಯಲ್ಲೇ ಹೊಸ ಪ್ರಶ್ನೆಗಳು ಬಂದವು. ಧರ್ಮ ಯಾವುದು? ಅಮ್ಮನ ತವರಿನ ಹೆಸರೇನು? ಹುಟ್ಟಿದ ಮೇಲೆ ನಿಮ್ಮ ಅಥವಾ ನಿಮ್ಮಪ್ಪನ ಹೆಸರು ಬದಲಾಗಿದೆಯಾ? ಕೊಲಂಬಿಯಾದಲ್ಲೂ ಇಂಥದೇ ಫಾರಂ ಬಂದಿತ್ತು. 1926ರಲ್ಲಿ ಹಾರ್ವರ್ಡ್ ಅಂಕದ ಜೊತೆ ‘ಶೀಲ, ವ್ಯಕ್ತಿತ್ವ’ವನ್ನೂ ಅಳೆಯೋಕೆ ಶುರು ಮಾಡಿತು. ಅಂಕವನ್ನು ಎಣಿಸಬಹುದು, ವ್ಯಕ್ತಿತ್ವವನ್ನು ಎಣಿಸೋದು ಹೇಗೆ? ಅಳೆಯೋನು ಹೇಳಿದ್ದೇ ಲೆಕ್ಕ. ಯಹೂದಿ ಹುಡುಗರ ಸಂಖ್ಯೆ ಇಳಿಯಿತು.

1935ರಲ್ಲಿ ಜಾನ್ ಎಫ್. ಕೆನಡಿ ಬರೆದ ಪ್ರಬಂಧ ಈಗಲೂ ನೋಡೋಕೆ ಸಿಗುತ್ತೆ. ನಾಲ್ಕೈದು ವಾಕ್ಯ, ಅಷ್ಟೇ. ಸಾರಾಂಶ: ಅಪ್ಪ ಓದಿದ ಕಾಲೇಜಲ್ಲೇ ಓದಬೇಕು. ಹೆಚ್ಚುಕಮ್ಮಿ ಅದನ್ನೇ ಪ್ರಿನ್ಸ್‌ಟನ್‌ಗೂ ಕಳಿಸಿದ್ದರು. ಎರಡೂ ಕಡೆ ಸೀಟು ಸಿಕ್ಕಿತು!

ಇದನ್ನು ಓದಿ ನಗು ಬಂತು, ಹೊಟ್ಟೆನೂ ಉರಿಯಿತು. ಯಾಕಂದ್ರೆ ಎಂಎಸ್‌ಗೆ ಅಂತ ನಾನೂ ಒಬ್ಬ ಸೀನಿಯರ್‌ನ ಎಸ್‌ಒಪಿ ಇಸ್ಕೊಂಡು, ಹೆಸರು ಬದಲಿಸಿ ನಾಲ್ಕು ಕಡೆ ಕಳಿಸಿದ್ದೆ. “ಬಾಲ್ಯದಿಂದಲೂ ಕಂಪ್ಯೂಟರ್ ಎಂದರೆ ನನಗೆ ಪ್ರಾಣ” ಅಂತ ಇತ್ತು ಅದರಲ್ಲಿ. ನಾನು ಕಂಪ್ಯೂಟರ್ ಮುಟ್ಟಿದ್ದೇ ಪಿಯುಸಿ ಆದಮೇಲೆ. ಒಂದರಲ್ಲಂತೂ ಬೇರೆ ಯೂನಿವರ್ಸಿಟಿಯ ಹೆಸರು ಹಾಗೇ ಉಳಿದಿತ್ತು. ನಾಲ್ಕೂ ಕಡೆಯಿಂದ ‘ಇಲ್ಲ’ ಅಂತ ಬಂತು. ನಮ್ಮಪ್ಪ ಹಾರ್ವರ್ಡ್‌ನಲ್ಲಿ ಓದಿರಲಿಲ್ಲ ನೋಡಿ.

ಕತೆ ಅಲ್ಲಿಗೇ ಮುಗಿಯಲ್ಲ. 1975ರಲ್ಲಿ ಹದಿನೈದು ಕಾಲೇಜುಗಳು ಸೇರಿ ಒಂದೇ ಅರ್ಜಿ ಮಾಡಿದವು. ಅದೇ ಇವತ್ತಿನ ಕಾಮನ್ ಆ್ಯಪ್. ಹಾರ್ವರ್ಡ್ ವ್ಯಕ್ತಿತ್ವಕ್ಕೆ ಕೊಡುವ ಅಂಕದಲ್ಲಿ ಏಷ್ಯಾ ಮೂಲದವರಿಗೆ ಸರಾಸರಿ ಕಡಿಮೆ ಬರ್ತಿದೆ ಅನ್ನೋದು ಇತ್ತೀಚಿನ ಒಂದು ಕೇಸಿನಲ್ಲಿ ಹೊರಬಿತ್ತು. ಇದು ತಾರತಮ್ಯ ಅಲ್ಲ ಅಂತ ಹಾರ್ವರ್ಡ್ ವಾದಿಸಿತು. 2023ರ ಜೂನ್ 29ರಂದು ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗ ನೋಡೋದನ್ನು ತಳ್ಳಿಹಾಕಿತು. ಆದರೆ ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಅಂತ ವಿದ್ಯಾರ್ಥಿಯೇ ಪ್ರಬಂಧದಲ್ಲಿ ಬರೆದರೆ ಅದನ್ನು ಪರಿಗಣಿಸಬಹುದು ಅಂದಿತು. ಅಂದರೆ ಪ್ರಬಂಧದ ತೂಕ ಇನ್ನೂ ಹೆಚ್ಚಾಯಿತು. ಅಕ್ಕನ ಮಗಳು ಅಜ್ಜನ ಬರಗಾಲವನ್ನು ಯಾಕೆ ಸಾಲ ತಂದಳು ಅಂತ ನನಗೆ ಆಗ ಅರ್ಥ ಆಯಿತು.

ಬೈಯೋಕೆ ನನಗೆ ಯಾವ ಯೋಗ್ಯತೆ? ನನ್ನ ಎಸ್‌ಒಪಿ ಕತೆಯನ್ನೇ ಹೇಳಿದೆ. ನಕ್ಕಳು. ಆಮೇಲೆ ಕೇಳಿದೆ, “ಊರು ಅಂದ್ರೆ ನಿನಗೆ ನಿಜವಾಗಿ ಏನು ನೆನಪಾಗುತ್ತೆ ಪುಟ್ಟೀ?”

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಅಜ್ಜಿ ಫೋನಲ್ಲಿ ‘ಊಟ ಆಯ್ತಾ’ ಅಂತಾರೆ. ನಾನು ‘ಆಯ್ತು’ ಅಂತೀನಿ. ಎಷ್ಟೋ ಸಲ ಆಗಿರಲ್ಲ. ‘ಇನ್ನೂ ಇಲ್ಲ’ ಅನ್ನೋಕೆ ನಂಗೆ ಕನ್ನಡದಲ್ಲಿ ಬರ್ತಿರ್ಲಿಲ್ಲ ಮಾಮ.”

“ಅದನ್ನೇ ಬರಿ,” ಅಂದೆ.

ಬರೆದಳು. ಅಳೆಯೋರು ಅದಕ್ಕೆ ಎಷ್ಟು ಅಂಕ ಹಾಕ್ತಾರೋ ಗೊತ್ತಿಲ್ಲ. ಹೋದ ವಾರ ಅಜ್ಜಿ ಮಾತ್ರ ನನಗೆ ಫೋನ್ ಮಾಡಿ ದೂರಿದರು: “ಆ ಮಗು ಇನ್ನೂ ಉಂಡಿಲ್ವಂತೆ ಕಣೋ, ನಿಮ್ಮಕ್ಕಂಗೆ ಸ್ವಲ್ಪ ಹೇಳು.”